ಬಾಗಿಲಿಗೆ ಅಡ್ಡ ಇಟ್ಟ ಒನಕೆ

ಪೆನ್ಸಿಲ್ವೇನಿಯಾದಲ್ಲಿ ಡೇಕೇರ್ ನಡೆಸುವ ತೀರ್ಥಹಳ್ಳಿ ಕಡೆಯ ಓದುಗರೊಬ್ಬರ ಪತ್ರ: "ಇಲ್ಲಿ ಮಕ್ಕಳಿರುವ ಕಡೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಲೇಬೇಕಂತೆ. ಇನ್ನೊಂದು ಖರ್ಚು, ಇನ್ನೊಂದು ಕಾಗದ. ಸೌದೆ ಒಲೆಯ ಹೊಗೆ ಕುಡಿದು ಬೆಳೆದವರು ನಾವು. ನಮಗೇನಾಯಿತು?"

ಉತ್ತರ: ಕಾಗದದ ಕಾಟ ನಿಜ ತಾಯಿ, ಒಪ್ಪಿದೆ. ಒಪ್ಪಿಗೆ ಅಷ್ಟಕ್ಕೇ.

ನೀವು ಬೆಳೆದ ಮನೆ ನೆನಪು ಮಾಡಿಕೊಳ್ಳಿ. ಹಂಚಿನ ಸಂದಿಯಲ್ಲಿ ಬಿಸಿಲು ಒಳಗೆ ಬರುತ್ತಿತ್ತು, ಹೊಗೆ ಹೊರಗೆ ಹೋಗುತ್ತಿತ್ತು. ಈಗಿನದು ಚಳಿಗೆ ಹೆದರಿ ಮುಚ್ಚಳ ಬಿಗಿದ ಡಬ್ಬಿ. ಹೊಗೆಯಾದರೂ ಕಣ್ಣುರಿಸಿ, ಕೆಮ್ಮಿಸಿ ನಮ್ಮನ್ನು ಹೊರಗೆ ಅಟ್ಟುತ್ತದೆ. ಗಾಳಿ ಸಾಲದೆ ಉರಿವ ಬೆಂಕಿಯಿಂದ ಹುಟ್ಟುವ ಈ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ.

ನನ್ನ ತಂಗಿ ಹುಟ್ಟಿದ ಮಳೆಗಾಲ. ಬಾಣಂತಿ ಕೋಣೆಗೆ ಅಜ್ಜಿ ಅಗ್ಗಿಷ್ಟಿಕೆ ತಂದಿಡುವಳು, ಬಾಗಿಲು ಪೂರ್ತಿ ಮುಚ್ಚದ ಹಾಗೆ ಒನಕೆ ಅಡ್ಡ ಇಡುವಳು. ಥಂಡಿ ಬರುತ್ತದೆಂದು ಅಮ್ಮ ಗೊಣಗಿದರೆ "ಬರ್ಲಿ" ಅಷ್ಟೇ. ಕಾರಣ ಹೇಳಿದವಳಲ್ಲ. ಯಾರ ಮನೆಯ ಯಾವ ಸಾವು ಆ ಒನಕೆ ಇಡಿಸಿತ್ತೋ!

ನಿಮ್ಮದೇ ರಾಜ್ಯದ ಆಲೆನ್‌ಟೌನ್, 2022ರ ಅಕ್ಟೋಬರ್ 11. ಡೇಕೇರ್ ಒಂದರಲ್ಲಿ ಮಗು ಪ್ರಜ್ಞೆ ತಪ್ಪಿದೆ ಎಂದು ಬೆಳಿಗ್ಗೆ ಕರೆ ಬಂತು. ಓಡಿ ಬಂದ ತುರ್ತು ಸೇವೆಯ ಸಿಬ್ಬಂದಿ ಒಳಗೆ ಕಾಲಿಟ್ಟದ್ದೇ, ಅವರು ತಂದಿದ್ದ ಅಲಾರಂ ಕೂಗಿಕೊಂಡಿತು. ಕಟ್ಟಡದ್ದು ಕೂಗಲಿಲ್ಲ; ಇದ್ದರಲ್ಲವೇ? ಇಪ್ಪತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಬಹುಪಾಲು ಮಕ್ಕಳು. ಪುಣ್ಯ, ಎಲ್ಲರೂ ಉಳಿದರು. ನಿಮಗೆ ಬೇಸರ ತರಿಸಿದ ನಿಯಮದ ಹಿಂದೆ ಆ ಬೆಳಗಿದೆ.

ಇನ್ನೊಂದು ಮಾತು. ಇದರ ಲಕ್ಷಣ ತಲೆನೋವು, ವಾಂತಿ, ಮಂಪರು. ಎರಡು ವರ್ಷದ ಕೂಸು "ತಲೆ ನೋಯ್ತಿದೆ" ಅನ್ನುವುದಿಲ್ಲ, ಮುದುರಿ ಮಲಗುತ್ತದೆ. ಊಟವಾದ ಮೇಲೆ ಆರು ಮಕ್ಕಳು ಸಾಲಾಗಿ ಮಲಗಿದಾಗ ಯಾವುದು ನಿದ್ದೆ, ಯಾವುದು ಅಲ್ಲ ಎಂದು ನೀವು ಹೇಗೆ ಹೇಳುತ್ತೀರಿ? ಹೊಗೆಯ ಅಲಾರಂ ಇದೆಯಲ್ಲ ಎನ್ನಬೇಡಿ, ಅದಕ್ಕೆ ಈ ಅನಿಲ ತಿಳಿಯದು.

ನಿಮ್ಮನ್ನು ಬೈದು ನಾನು ಸಾಚಾ ಆಗಲಾರೆ. ಇಲ್ಲಿ ಬೆಂಗಳೂರಿನಲ್ಲಿ ಬಚ್ಚಲಿನ ಗ್ಯಾಸ್ ಗೀಸರ್‌ನಿಂದ ಸತ್ತವರ ಸುದ್ದಿ ಓದುತ್ತೇವೆ, ಪುಟ ಮಗುಚುತ್ತೇವೆ. ಬೆಂಕಿ ನಂದಿಸುವ ಸಿಲಿಂಡರಿನ ತಾರೀಖು ಮುಗಿದು ಯುಗವಾಗಿರುತ್ತದೆ, ಗೋಡೆಯ ಮೇಲೆ ಅದರ ಪ್ರಮಾಣಪತ್ರಕ್ಕೆ ಮಾತ್ರ ಹೊಸ ಫ್ರೇಮು. ನಮ್ಮ ಮನೆಗೆ ಗೀಸರ್ ಹಾಕಲು ಬಂದ ಹುಡುಗ "ಒಳಗೇ ಹಾಕಿದ್ರೆ ನೀಟಾಗಿ ಕಾಣುತ್ತೆ ಸಾರ್" ಅಂದ, ನಾನೂ ಹೂಂ ಅಂದೆ. ಸೊಳ್ಳೆ ಬರುತ್ತದೆಂದು ವೆಂಟಿಲೇಟರಿಗೆ ಪ್ಲೈವುಡ್ ಹೊಡೆದವನೂ ನಾನೇ.

ನಿಮ್ಮ ಪತ್ರ ಬಂದ ಸಂಜೆ ಆ ಪ್ಲೈವುಡ್ ಕಿತ್ತೆ. ಗೀಸರ್ ಈಗ ಹಿತ್ತಲ ಗೋಡೆಯ ಮೇಲಿದೆ. ಬಚ್ಚಲಿಗೆ ಬರುವಷ್ಟರಲ್ಲಿ ನೀರು ಆರುತ್ತದೆಂದು ಮನೆಯವರ ತಕರಾರು ನಡೆದಿದೆ.