ತೊಗರಿ ರಾಶಿ, ಭಾನುವಾರ ಮತ್ತು ಗುರುದ್ವಾರದ ಬಾಗಿಲು

ಓದುಗರ ಪತ್ರ (ಸ್ವಲ್ಪ ಚಿಕ್ಕದು ಮಾಡಿದ್ದೇವೆ): "ನಾನು ಚಿತ್ತಾಪುರ ತಾಲ್ಲೂಕಿನ ಹಳ್ಳಿಯವಳು, ಟೀಚರ್. ಈ ಸಲ ತೊಗರಿ ರಾಶಿ ಮಷೀನ್ ನಮಗೆ ಸಿಕ್ಕಿದ್ದು ಭಾನುವಾರ. ಮಾವನವರು ಆರಾಧನೆ ಬಿಟ್ಟು ಹೊಲಕ್ಕೆ ಹೋದರು. ಮುಂದಿನ ವಾರ ಸಭೆಯ ಹಿರಿಯರೊಬ್ಬರು ಎಲ್ಲರ ಮುಂದೆ 'ಸಬ್ಬತ್ (ವಾರದ ವಿಶ್ರಾಂತಿ ದಿನ) ಮುರಿದವರು' ಅಂದರು. ಮಾವ ಆಮೇಲೆ ಚರ್ಚಿಗೆ ಬಂದಿಲ್ಲ. ಶಾಲೆ ಮಕ್ಕಳ ಜೊತೆ ಬೀದರ್‌ಗೆ ಪ್ರವಾಸ ಹೋಗುವಾಗ ಗುರುದ್ವಾರದೊಳಗೆ ಕಾಲಿಡಬಾರದು ಎಂದು ಹೇಳಿದ್ದೂ ಆ ಹಿರಿಯರೇ. ನಾನು ಗೇಟಿನ ಹೊರಗೆ ಬ್ಯಾಗು ಕಾಯುತ್ತಾ ನಿಂತೆ. ಇದೆಲ್ಲ ಸರಿಯಾ?"

ಪ್ರಿಯ ಸಹೋದರಿ, ವಂದನೆ.

ನಿಮ್ಮ ಹಿರಿಯರು ವಚನ ಗೊತ್ತಿಲ್ಲದೆ ಮಾತಾಡಿದ್ದಾರೆ ಅಂತ ನಾನು ಹೇಳಲ್ಲ. ಬೈಬಲಿನ ವಿಮೋಚನಕಾಂಡ 34:21 ತೆಗೆದು ನೋಡಿ. ಆರು ದಿನ ದುಡಿ, ಏಳನೆಯ ದಿನ ನಿಲ್ಲಿಸು, ಉಳುವ ಕಾಲ ಆಗಲಿ ಕೊಯ್ಲಿನ ಕಾಲ ಆಗಲಿ ನಿಲ್ಲಿಸು ಎಂಬ ಅರ್ಥದ ಮಾತು ಅಲ್ಲಿದೆ. ಸುಗ್ಗಿಯಲ್ಲೇ ರೈತನ ಕೈ ನಿಲ್ಲುವುದಿಲ್ಲ ಅಂತ ಈ ಆಜ್ಞೆ ತಂದ ಮೋಶೆಗೂ ಗೊತ್ತಿತ್ತು, ಅದಕ್ಕೇ ಸುಗ್ಗಿಯ ಹೆಸರೆತ್ತಿ ಹೇಳಿದ್ದು. ಹಾಗಾಗಿ "ರೈತರಿಗೆ ಇದೆಲ್ಲ ಅನ್ವಯಿಸಲ್ಲ" ಅಂತ ಸುಲಭವಾಗಿ ಜಾರಿಕೊಳ್ಳೋಕಾಗಲ್ಲ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ 321ರಲ್ಲಿ ಭಾನುವಾರದ ರಜೆಯ ಕಾನೂನು ಮಾಡಿದಾಗ ಪಟ್ಟಣದವರಿಗೆ ರಜೆ ಕೊಟ್ಟು ಬೇಸಾಯದವರಿಗೆ ವಿನಾಯಿತಿ ಕೊಟ್ಟಿದ್ದ. ಬಿತ್ತನೆಗೆ ತಕ್ಕ ದಿನ ತಪ್ಪಿದರೆ ಮತ್ತೆ ಸಿಗಲ್ಲ ಅಂತ. ಆದರೆ ಅದು ರಾಜನ ಕಾನೂನು, ದೇವರ ವಾಕ್ಯ ಅಲ್ಲ.

ಹಾಗಿದ್ದರೆ ಮಾವ ತಪ್ಪು ಮಾಡಿದರಾ? ನನಗೆ ಹಾಗನ್ನಿಸಲ್ಲ. ಸಬ್ಬತ್ ದಿನ ಎತ್ತು ಬಾವಿಗೆ ಬಿದ್ದರೆ ನಿಮ್ಮಲ್ಲಿ ಯಾರು ಎತ್ತದೆ ಬಿಡ್ತೀರಿ ಅಂತ ಯೇಸು ಸ್ವಾಮಿ ಕೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಆಷಾಢದ ಆಚೀಚೆ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ಕೈಗೆ ಬರುತ್ತದೆ, ಕೊಯ್ದು ಒಟ್ಟಿದ ಮೇಲೆ ಒಂದು ಅಕಾಲ ಮಳೆ ಬಂತೆಂದರೆ ಕಾಳು ಕಪ್ಪಾಗುತ್ತದೆ, ಮಷೀನಿನವನು ಇವತ್ತು ಬಿಟ್ಟರೆ ಪಕ್ಕದ ಊರಿಗೆ ಹೋದವನು ಯಾವಾಗ ತಿರುಗಿ ಬರುತ್ತಾನೋ ಹೇಳೋಕಾಗಲ್ಲ. ಇದು ಬಾವಿಗೆ ಬಿದ್ದ ಎತ್ತೇ. ಆದರೆ ಪ್ರತಿ ಭಾನುವಾರವೂ ಎತ್ತು ಬಾವಿಗೆ ಬೀಳುತ್ತಿದ್ದರೆ ಬಾವಿಗೆ ಕಟ್ಟೆ ಕಟ್ಟಿಸಬೇಕು, ಅಲ್ವಾ? ಬೆಳಿಗ್ಗೆ ಆರಾಧನೆ ಮುಗಿಸಿ ಮಧ್ಯಾಹ್ನ ಮಷೀನ್ ಹಚ್ಚಲು ಆಗುತ್ತಿತ್ತಾ ಅಂತ ಮಾವನವರನ್ನು ಕೇಳಬಹುದು. ಪ್ರೀತಿಯಿಂದ, ಮನೆಯಲ್ಲಿ. ಸಭೆಯ ಮುಂದೆ ಅಲ್ಲ.

ಶನಿವಾರವೋ ಭಾನುವಾರವೋ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯಲ್ಲ. ಮೋಶೆಯ ಆಜ್ಞೆಯ ಏಳನೆಯ ದಿನ ಶನಿವಾರ, ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದವರು ಇಂದಿಗೂ ಅದನ್ನೇ ಇಟ್ಟುಕೊಂಡಿದ್ದಾರೆ. ನಾವು ಕರ್ತನಾದ ಯೇಸು ಸಾವಿನಿಂದ ಎದ್ದ ದಿನ, ಅಂದರೆ ಭಾನುವಾರ, ಕೂಡುತ್ತೇವೆ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಓದಿದರೆ ಇದಕ್ಕಾಗಿ ಮುಖ ತಿರುಗಿಸುವ ಅಗತ್ಯ ಬೀಳಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿತು. ಆ ಭಾನುವಾರ ಕಣದಲ್ಲಿ ಮಾವನವರ ಜೊತೆ ದುಡಿದ ಕೂಲಿಯವರು ಯಾವಾಗ ದಣಿವಾರಿಸಿಕೊಂಡರು? ಧರ್ಮೋಪದೇಶಕಾಂಡ 5ರಲ್ಲಿ ಇದೇ ಆಜ್ಞೆ ಮತ್ತೆ ಬರುತ್ತದೆ. ನೀನು, ನಿನ್ನ ಮಗ, ಮಗಳು, ಆಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಯಾರೂ ದುಡಿಯಬಾರದು, ನಿನ್ನಂತೆ ನಿನ್ನ ಆಳಿಗೂ ವಿಶ್ರಾಂತಿ ಸಿಗಬೇಕು, ನೀನೂ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸನಾಗಿದ್ದೆ ಎಂಬುದನ್ನು ನೆನಪಿಟ್ಟುಕೋ ಅಂತ. ಈ ಕಾರಣ ನಮ್ಮ ಪ್ರಸಂಗಗಳಲ್ಲಿ ಕೇಳಿಸೋದೇ ಕಡಿಮೆ. ನಾವು ಇಸ್ತ್ರಿ ಸೀರೆ ಉಟ್ಟು ಚರ್ಚಿಗೆ ಹೋಗುತ್ತೇವೆ, ಮನೆಯಲ್ಲಿ ಕೆಲಸದಾಕೆ ಭಾನುವಾರದ ಮಟನ್ ಅಡುಗೆಗೆ ಮಸಾಲೆ ರುಬ್ಬುತ್ತಿರುತ್ತಾಳೆ, ಎಲ್ಲರೂ ಉಂಡ ಮೇಲೆ ಜಿಡ್ಡಿನ ಪಾತ್ರೆ ತಿಕ್ಕಿ ಸಂಜೆಗೆ ಹೋಗುತ್ತಾಳೆ. ನಮ್ಮ ಸಬ್ಬತ್ ಆಯಿತು, ಅವಳದು? ನಿಮ್ಮ ಹಿರಿಯರ ಮನೆ ನಾನು ಕಂಡಿಲ್ಲ, ಅವರ ಬಗ್ಗೆ ಹೇಳ್ತಿಲ್ಲ. ಕಲಬುರಗಿಯ ನಮ್ಮ ಓಣಿಯ ಮಾತು ಹೇಳ್ತಿದ್ದೇನೆ.

ಈಗ ಯಾಜಕಕಾಂಡ 19:30. ನನ್ನ ಸಬ್ಬತ್ತನ್ನು ಆಚರಿಸಿರಿ, ನನ್ನ ಪವಿತ್ರಾಲಯಕ್ಕೆ ಗೌರವ ಕೊಡಿರಿ, ಎರಡೂ ಒಂದೇ ಉಸಿರಿನಲ್ಲಿ. ಆದರೆ ಅದೇ ಅಧ್ಯಾಯದ 13ನೇ ವಚನ, ಕೂಲಿಯವನ ಕೂಲಿ ಬೆಳಗಿನವರೆಗೆ ನಿನ್ನ ಹತ್ತಿರ ಉಳಿಯಬಾರದು. 9ನೇ ವಚನ, ಹೊಲದ ಅಂಚಿನವರೆಗೂ ಪೂರ್ತಿ ಕೊಯ್ಯಬೇಡ, ಬಡವರಿಗೆ ಬಿಡು. ಈ ಅಧ್ಯಾಯದಿಂದ 30ನ್ನು ಮಾತ್ರ ಕಿತ್ತುಕೊಂಡು ಯಾರ ಮೇಲಾದರೂ ಎಸೆಯೋದು ಸರಿಯಲ್ಲ. ಮಾವ ಅವತ್ತೇ ಸಂಜೆ ಕೂಲಿ ಕೈಗಿಟ್ಟು, ಸೋಮವಾರ ಆಳುಗಳಿಗೆ ಬಿಡುವು ಕೊಟ್ಟಿದ್ದರೆ ಅವರು ಈ ಅಧ್ಯಾಯವನ್ನು ನಮ್ಮಲ್ಲಿ ಎಷ್ಟೋ ಜನಕ್ಕಿಂತ ಚೆನ್ನಾಗಿ ಪಾಲಿಸಿದ್ದಾರೆ. ಕೊಟ್ಟಿಲ್ಲವಾದರೆ ಅದನ್ನೇ ಮಾತಾಡಿ.

ಪವಿತ್ರಾಲಯದ ಗೌರವ ಅಂದ ಕೂಡಲೇ ನಮಗೆ ಚಪ್ಪಲಿ, ಸೆರಗು, ಮೊಬೈಲು ನೆನಪಾಗುತ್ತವೆ. ಇರಲಿ, ಅವೂ ಬೇಕು. ಪ್ರಭು ಭೋಜನದ ಹೊತ್ತಿಗೆ ಪಾಸ್ಟರ್ ಮುಂದೆ ಮೊಬೈಲ್ ಹಿಡಿದು ವಿಡಿಯೋ ಮಾಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ಕ್ರಿಸ್‌ಮಸ್ ದಿನ ಮುಂದಿನ ಸಾಲಿನ ಸೋಫಾ ಯಾರಿಗೆ, ಶಾಲು-ಹಾರ ಯಾರಿಗೆ, ಹಳ್ಳಿಯಿಂದ ಟಂಟಂ ಹತ್ತಿ ಬಂದ ಹೆಂಗಸರಿಗೆ ಬಾಗಿಲ ಹತ್ತಿರದ ಜಮಖಾನ ಯಾಕೆ? ಚಿನ್ನದ ಉಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಡುವವರನ್ನು ಯಾಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಚೆನ್ನಾಗಿಯೇ ಗದರಿದ್ದಾನೆ. ದೇವಾಲಯಕ್ಕೆ ಅಗೌರವ ಅಂದರೆ ಇದು ಮೊದಲು. ತುಂಬಿದ ಸಭೆಯಲ್ಲಿ ಒಬ್ಬ ಮುದುಕನ ಮರ್ಯಾದೆ ತೆಗೆಯೋದೂ ಈ ಪಟ್ಟಿಗೇ ಸೇರುತ್ತದೆ.

ಇನ್ನು ಗುರುದ್ವಾರ. ಎಫೆಸ ಪಟ್ಟಣದಲ್ಲಿ ಅಪೊಸ್ತಲ ಪೌಲನು ಎರಡು ವರ್ಷಕ್ಕೂ ಹೆಚ್ಚು ಕಾಲ ಸುವಾರ್ತೆ ಸಾರಿದ. ಅರ್ತೆಮೀ ದೇವಿಯ ಹೆಸರಲ್ಲಿ ಊರಿಗೆ ಊರೇ ಗಲಾಟೆ ಎದ್ದಾಗ ಪಟ್ಟಣದ ಅಧಿಕಾರಿ ಎದ್ದು ನಿಂತು, ಇವರು ಗುಡಿ ದೋಚಿದವರಲ್ಲ, ನಮ್ಮ ದೇವಿಯನ್ನು ಬೈದವರೂ ಅಲ್ಲ ಅಂತ ಸಾಕ್ಷಿ ಹೇಳಿದ. ಅಪೊಸ್ತಲರ ಕೃತ್ಯಗಳು 19:37. ಪೌಲನ ಸಂಗಡಿಗರಿಗೆ ಇಂಥ ಹೆಸರನ್ನು ಕೊಟ್ಟದ್ದು ಎದುರಿನವರೇ. ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿಯೂ ಬಂದೇನವಾಜರ ದರ್ಗಾವೂ ಒಂದೇ ಊರಲ್ಲಿವೆ, ನಮಗೂ ಆ ಹೆಸರು ಬೇಕು.

ಬೀದರಿನ ನಾನಕ್ ಝಿರಾ ಗುರುದ್ವಾರದಲ್ಲಿ ಚಪ್ಪಲಿ ಬಿಡಿ, ತಲೆಗೆ ದುಪಟ್ಟಾ ಹೊದ್ದುಕೊಳ್ಳಿ, ಮಕ್ಕಳ ಜೊತೆ ಒಳಗೆ ಹೋಗಿ. ತಲೆ ಮುಚ್ಚಿದ ಮಾತ್ರಕ್ಕೆ ಆರಾಧನೆ ಆಗಲ್ಲ, ಅದು ಆ ಮನೆಯ ರೀತಿ. ಗುರು ನಾನಕರು ಅಲ್ಲಿಗೆ ಬಂದಾಗ ಬಂಡೆಯಿಂದ ಸಿಹಿ ನೀರು ಹರಿಯಿತೆಂಬುದು ಸಿಖ್ಖರ ನಂಬಿಕೆ, ಮಕ್ಕಳಿಗೆ ಹಾಗೆಂದೇ ಹೇಳಿ. ಪ್ರಸಾದ ತಗೊಳ್ಳೋಕೆ ಮನಸ್ಸಾಕ್ಷಿ ಒಪ್ಪದಿದ್ದರೆ ಸುಮ್ನೆ ಕೈಮುಗಿದು ಮುಂದೆ ಸಾಗಿ, ಅಲ್ಲಿ ಉಪದೇಶ ಬೇಡ. ಲಂಗರಿನಲ್ಲಿ, ಅಂದರೆ ಗುರುದ್ವಾರದ ಸಾಮೂಹಿಕ ಊಟದಲ್ಲಿ, ಎಲ್ಲರೂ ನೆಲದ ಮೇಲೆ ಒಂದೇ ಸಾಲಲ್ಲಿ ಕೂತು ಉಣ್ಣುವುದನ್ನು ಮಾತ್ರ ನೋಡಿಕೊಂಡು ಬನ್ನಿ. ನಮ್ಮ ಸೋಫಾದ ಲೆಕ್ಕ ಹಾಕುವಾಗ ಉಪಯೋಗಕ್ಕೆ ಬರುತ್ತದೆ.

ಮಾವನವರನ್ನು ಚರ್ಚಿಗೆ ಕರೆತರುವ ಕೆಲಸ ನಿಮ್ಮದಲ್ಲ, ಎಲ್ಲರ ಮುಂದೆ ಅಂದವರದು. ಅವರೇ ಮನೆಗೆ ಬಂದು ಕರೆಯಲಿ. ಈ ಉತ್ತರ ಅವರಿಗೆ ಹಿಡಿಸದಿದ್ದರೆ ಪತ್ರಿಕೆಗೆ ಬರೆಯಲಿ, ಖಂಡಿತ ಹಾಕುತ್ತೇವೆ. ಒಂದೂವರೆ ಪುಟ ಮೀರದಿದ್ದರೆ ಸಾಕು.

– ಸಂಪಾದಕ