ಓದುಗರ ಪ್ರಶ್ನೆ: ವಜ್ರ ಕೊಳ್ಳುವಾಗ ಏನು ನೋಡಬೇಕು?

ಪ್ರಶ್ನೆ: ಮಗಳ ನಿಶ್ಚಿತಾರ್ಥಕ್ಕೆ ಒಂಟಿ ಹರಳಿನ ಉಂಗುರ ಮಾಡಿಸಬೇಕು. ದುಂಡನೆಯ ಎರಡು ವಜ್ರ ನೋಡಿದ್ದೇವೆ, ಎರಡೂ 30 ಸೆಂಟ್ (ನೂರು ಸೆಂಟ್ ಸೇರಿದರೆ ಒಂದು ಕ್ಯಾರೆಟ್). ಒಂದು ಎಫ್ ಬಣ್ಣ, ವಿವಿಎಸ್2 (ಒಳಗಿನ ಕಲೆ ಎಷ್ಟು ಕಡಿಮೆ ಎಂಬುದರ ದರ್ಜೆ), ಕಟ್ ‘ಗುಡ್’, ಬೆಲೆ ಹೆಚ್ಚು. ಇನ್ನೊಂದು ಎಚ್ ಬಣ್ಣ, ವಿಎಸ್2, ಕಟ್ ‘ಎಕ್ಸಲೆಂಟ್’. ಯಾವುದು ತಗೊಳ್ಳೋಣ? ಇದಕ್ಕೆ ಹೈದರಾಬಾದಿಗೇ ಹೋಗಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಎರಡನೆಯದನ್ನೇ ತಗೊಳ್ಳಿ. ಹೊಳಪು ಬರುವುದು ಕಟ್‌ನಿಂದ, ಅಂದರೆ ಹರಳನ್ನು ಕಡೆದ ರೀತಿಯಿಂದ. ತಳ ಆಳವಾದರೆ ಬೆಳಕು ಪಕ್ಕದಿಂದ ಸೋರಿ ನಡುಭಾಗ ಕಪ್ಪಾಗಿ ಕಾಣುತ್ತದೆ. ತೀರಾ ಚಪ್ಪಟೆಯಾದರೆ ಒಳಗೆ ಬೂದು ಬಣ್ಣದ ಉಂಗುರ ಮೂಡುತ್ತದೆ. ಸರಿಯಾಗಿ ಕಡೆದ 30 ಸೆಂಟ್ ದುಂಡು ಹರಳು ಸುಮಾರು 4.3 ಮಿ.ಮೀ. ಅಗಲವಿರುತ್ತದೆ. 4.1 ಇದ್ದರೆ ತೂಕ ತಳದಲ್ಲಿ ಅಡಗಿದೆ ಎಂದರ್ಥ: ಕಣ್ಣಿಗೆ ಕಾಣದ ತೂಕಕ್ಕೂ ನೀವು ದುಡ್ಡು ಕೊಡುತ್ತೀರಿ. ಹಳದಿ ಚಿನ್ನದಲ್ಲಿ ಕೂರಿಸಿದರೆ ಎಚ್ ಬಣ್ಣದ ತುಸು ಹಳದಿ ಛಾಯೆ ಗೊತ್ತಾಗುವುದಿಲ್ಲ. ವಿವಿಎಸ್, ವಿಎಸ್ ನಡುವಿನ ವ್ಯತ್ಯಾಸವಂತೂ ಬರಿಗಣ್ಣಿಗೆ ಕಾಣದು.

ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಎಲ್ಲ ಹರಳೂ ಮಿಂಚುತ್ತವೆ. ಬಾಗಿಲ ಬಳಿ, ನೆರಳಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಆಮೇಲೆ ಒಂದು ಕ್ಷಣ ಬಿಸಿಲಿಗೆ ಹಿಡಿಯಿರಿ. ಹಾಲಿನಂತೆ ಮಸುಕಾದರೆ ಬೇಡ.

ಹೈದರಾಬಾದೋ ಕಲಬುರಗಿಯೋ ಎಂಬುದಕ್ಕಿಂತ ಪ್ರಮಾಣಪತ್ರ ಮುಖ್ಯ. ಹರಳನ್ನು ಕೂರಿಸುವ ಮೊದಲೇ ವಜ್ರ ಪರೀಕ್ಷಿಸುವ ಸಂಸ್ಥೆಗಳಾದ ಜಿಐಎ ಅಥವಾ ಐಜಿಐ ಪತ್ರ ಕೇಳಿ. ಪತ್ರದ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ, ತೂಕ ಮತ್ತು ಮಿ.ಮೀ. ಅಳತೆ ಹೋಲಿಸಿ. ಹರಳಿನ ಅಂಚಿನಲ್ಲಿ ಲೇಸರ್‌ನಿಂದ ಸಂಖ್ಯೆ ಕೆತ್ತಿದ್ದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ಅದನ್ನೂ ಓದಿಸಿ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರವಾದರೆ ಪತ್ರದಲ್ಲೇ ಹಾಗೆಂದು ಬರೆದಿರುತ್ತದೆ. ಅದೂ ನಿಜವಾದ ವಜ್ರವೇ, ಆದರೆ ಬೆಲೆ ಬಹಳ ಕಡಿಮೆ, ಮರುಮಾರಾಟದಲ್ಲಿ ಇನ್ನೂ ಕಡಿಮೆ. ಪೆನ್ನಿನಂಥ ಟೆಸ್ಟರ್ ‘ಬೀಪ್’ ಎಂದ ಮಾತ್ರಕ್ಕೆ ನಂಬಬೇಡಿ. ಲ್ಯಾಬ್ ವಜ್ರಕ್ಕೂ ಅದು ಬೀಪ್ ಎನ್ನುತ್ತದೆ. ಶಾಖ ಅಳೆಯುವ ಟೆಸ್ಟರ್, ವಜ್ರದಂತೆಯೇ ಕಾಣುವ ಬೇರೆ ಹರಳಾದ ಮಾಯ್ಸನೈಟ್‌ಗೂ ಎನ್ನುತ್ತದೆ. ಮಾಯ್ಸನೈಟನ್ನು ಲೂಪ್‌ನಲ್ಲಿ ಓರೆಯಾಗಿ ನೋಡಿದರೆ ಹಿಂಬದಿಯ ಗೆರೆಗಳು ಜೋಡಿಯಾಗಿ ಕಾಣುತ್ತವೆ.

ಪ್ರಶ್ನೆ: ಏಳು ಹರಳಿನ ಓಲೆ, ಹರಳು ತಲಾ 10 ಸೆಂಟ್. ಜೋಡಿಯ ಒಟ್ಟು ತೂಕ 7.28 ಗ್ರಾಂ. ಹಾಲ್‌ಮಾರ್ಕ್ ಇದ್ದರೆ ಸಾಕಲ್ಲವೇ?
– ಓದುಗರೊಬ್ಬರು, ಬೀದರ್

ಉತ್ತರ: ಸಾಲದು. ಹಾಲ್‌ಮಾರ್ಕ್ ಹೇಳುವುದು ಚಿನ್ನದ ಶುದ್ಧತೆಯನ್ನು ಮಾತ್ರ, ವಜ್ರದ ಬಗ್ಗೆ ಏನೂ ಹೇಳುವುದಿಲ್ಲ. ಒಡವೆಯ ಮೇಲೆ ಕೆತ್ತಿರುವ ಆರು ಅಕ್ಷರ-ಅಂಕಿಗಳ ಗುರುತು, ಅಂದರೆ ಎಚ್‌ಯುಐಡಿಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ.

ತೂಕದ ಲೆಕ್ಕ ಹೀಗೆ: 14 ಹರಳು ಸೇರಿ 1.40 ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಹಾಗಾಗಿ ಹರಳಿನ ತೂಕ 0.28 ಗ್ರಾಂ. ಚಿನ್ನದ ದರ ಹಾಕಬೇಕಾದದ್ದು ಉಳಿದ 7 ಗ್ರಾಂಗೆ. 7.28ಕ್ಕೂ ಹಾಕಿದ್ದರೆ ಹರಳಿಗೆ ಎರಡು ಸಲ ದುಡ್ಡು ಕೊಟ್ಟಂತೆ. ಮುದ್ರೆ 750 ಇದ್ದರೆ ಅದು 18 ಕ್ಯಾರೆಟ್ ಚಿನ್ನ (ಇಲ್ಲಿ ಕ್ಯಾರೆಟ್ ಎಂದರೆ ತೂಕವಲ್ಲ, ಶುದ್ಧತೆ), 22ರ ದರ ಹಾಕಲು ಬಿಡಬೇಡಿ. ಚಿನ್ನ, ಹರಳು, ಮಜೂರಿ, ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿ ಬರಲಿ. ವಾಪಸ್ ಕೊಟ್ಟರೆ ವಜ್ರಕ್ಕೆ ಶೇಕಡಾ ಎಷ್ಟು ಕಳೆಯುತ್ತಾರೆ ಎಂಬುದನ್ನೂ ಬಿಲ್ಲಿನ ಮೇಲೇ ಬರೆಸಿಕೊಳ್ಳಿ.