ಹಿಟ್ಲರ್ ತಲೆಗೆ ಮಸಿ ಬಳಿದ ಅಂಚೆ ಕಾರ್ಡನ್ನು ದುಡ್ಡು ಕೊಟ್ಟು ಯಾರು ಕೊಳ್ಳುತ್ತಾರೆ?

1945ರ ಜರ್ಮನಿಯ ಒಂದು ಅಂಚೆ ಕಾರ್ಡು ಹರಾಜಿಗಿದೆ, ಅಚ್ಚಾದ ಸ್ಟಾಂಪಿನ ಮೇಲೆ ಮಸಿ ಮೆತ್ತಿದೆ, ಕಾಗದವೂ ಹಳದಿ, ಇದನ್ನು ಯಾರು ಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ನನ್ನಂಥ ಹಳೇ ಅಂಚೆ ಸಂಗ್ರಾಹಕರು ಕೊಳ್ಳುತ್ತಾರೆ. ಯಾಕೆ ಅಂತ ಹೇಳುತ್ತೇನೆ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಸೇರಿ ದೇಶವನ್ನು ನಾಲ್ಕು ವಲಯ ಮಾಡಿಕೊಂಡವು. ಜನರ ಅಂಚೆ ನಿಂತೇ ಹೋಗಿತ್ತು. ಆಮೇಲೆ ಒಂದೊಂದೇ ಊರಿನಲ್ಲಿ ಬಾಗಿಲು ತೆಗೆದರು. ಆದರೆ ಕೌಂಟರಿನಲ್ಲಿ ಮಾರಲು ಏನಿದೆ? ಇದ್ದದ್ದು ಹಿಟ್ಲರ್ ತಲೆಯ ನೇರಳೆ ಬಣ್ಣದ 6 ಫೆನಿಗ್ (ನಮ್ಮ ಪೈಸೆಯ ಹಾಗೆ ಅಲ್ಲಿನ ಚಿಲ್ಲರೆ) ಕಾರ್ಡು. ಆ ತಲೆ ಇನ್ನು ಓಡುವ ಹಾಗಿಲ್ಲ. ಹೊಸದು ಅಚ್ಚು ಹಾಕೋಣ ಎಂದರೆ ಕಾಗದಕ್ಕೇ ಬರ. ಹಾಗಾಗಿ ಇದ್ದದ್ದನ್ನು ಬಿಸಾಡುವ ಹಾಗೂ ಇಲ್ಲ.

ಆಗ ಒಂದೊಂದು ಅಂಚೆ ಕಚೇರಿ ಒಂದೊಂದು ದಾರಿ ಹಿಡಿಯಿತು. ಸ್ಯಾಕ್ಸನಿ ಕಡೆ ಬಿರಡೆಯನ್ನು ಮಸಿಗೆ ಅದ್ದಿ ಆ ತಲೆಯ ಮೇಲೆ ಒತ್ತಿದರು. ಕೆಲವು ಕಡೆ ಕಾಗದದ ಚೂರು ಅಂಟಿಸಿ ಮುಚ್ಚಿದರು. ದುಡ್ಡನ್ನು ಕೈಯಲ್ಲಿ ಎಣಿಸಿಕೊಂಡು 'ಶುಲ್ಕ ಪಾವತಿಯಾಗಿದೆ' ಎಂದು ಜರ್ಮನ್ ಭಾಷೆಯಲ್ಲಿ ರಬ್ಬರ್ ಸೀಲು ಹೊಡೆದರು. ಸೀಲೂ ಇಲ್ಲದ ಕಡೆ ಪೆನ್ನಿನಲ್ಲಿ ಬರೆದರು. ತಾರೀಕಿನ ಠಸ್ಸೆಯಲ್ಲಿ ಸ್ವಸ್ತಿಕ ಇತ್ತಲ್ಲ, ಎಷ್ಟೋ ಕಡೆ ಅದೊಂದನ್ನೇ ಉಜ್ಜಿ ತೆಗೆದು ಅದೇ ಠಸ್ಸೆಯನ್ನು ಮತ್ತೆ ಬಳಸಿದರು. ಕವರ್ ಸಿಗದ ಜನ ತಮಗೆ ಬಂದ ಹಳೇ ಕವರನ್ನೇ ಬಿಚ್ಚಿ, ಒಳಮೈ ಹೊರಗೆ ಮಾಡಿ, ಮೈದಾ ಅಂಟಿನಲ್ಲೋ ಯಾವುದರಲ್ಲೋ ಮತ್ತೆ ಅಂಟಿಸಿ ಕಳಿಸಿದರು. ಅಂಥ ಕವರಿನಲ್ಲಿ ಎರಡು ವಿಳಾಸ, ಎರಡು ಪ್ರಯಾಣ ಇರುತ್ತದೆ. ನನಗಂತೂ ಅದನ್ನು ಬಿಟ್ಟರೆ ಇನ್ನೊಂದಿಲ್ಲ.

ಇದೇ ಆಕರ್ಷಣೆ. ಮುದ್ರಣಾಲಯದಿಂದ ಲಕ್ಷಗಟ್ಟಲೆ ಒಂದೇ ಥರ ಬಂದ ಕಾರ್ಡಿನಲ್ಲಿ ಹುಡುಕಲು ಏನಿದೆ? ಇಲ್ಲಿ ಪಕ್ಕದ ಊರಿನ ಸೀಲೇ ಬೇರೆ, ಮಸಿಯ ಬಣ್ಣವೇ ಬೇರೆ.

ನನ್ನ ಹತ್ತಿರ ಬ್ರಿಟಿಷ್ ವಲಯದ ಒಂದು ಕಾರ್ಡಿದೆ. ಮಸಿ ಸಮನಾಗಿ ಕೂತಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ ಕಿವಿ, ಬೈತಲೆ ಕಾಣುತ್ತದೆ. ಪಕ್ಕದಲ್ಲಿ ಸೆನ್ಸಾರಿನವರ ದುಂಡು ಮುದ್ರೆ. ಆಗ ನಾಗರಿಕರ ಪತ್ರವನ್ನೂ ಮಿಲಿಟರಿಯವರು ತೆಗೆದು ಓದುತ್ತಿದ್ದರು. ಜರ್ಮನ್ ಬಲ್ಲ ಸ್ನೇಹಿತರಿಂದ ಓದಿಸಿದೆ: ಆಲೂಗಡ್ಡೆ ಸಿಕ್ಕಿದೆ, ಕಲ್ಲಿದ್ದಲು ಇಲ್ಲ, ತಮ್ಮನ ಸುದ್ದಿ ಏನಾದರೂ ಗೊತ್ತಾಯಿತಾ? ಅಷ್ಟೇ. ಬೆಲೆ ಏನೂ ದೊಡ್ಡದಲ್ಲ, ಆದರೂ ಕೊಡುವ ಮನಸ್ಸಿಲ್ಲ.

ಈ ಚಾಳಿ ಜರ್ಮನಿಯದ್ದು ಮಾತ್ರ ಅಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ, 1918ರ ಡಿಸೆಂಬರಿನಲ್ಲಿ ಲಾಟ್ವಿಯಾ ತನ್ನ ಮೊದಲ ಸ್ಟಾಂಪನ್ನು ಜರ್ಮನ್ ಸೇನೆಯ ನಕ್ಷೆಗಳ ಹಿಂಬದಿಯಲ್ಲಿ ಅಚ್ಚು ಹಾಕಿತು. ಸ್ಟಾಂಪು ತಿರುಗಿಸಿದರೆ ಯಾವುದೋ ಊರು, ಯಾವುದೋ ರಸ್ತೆ. ಅವನ್ನೆಲ್ಲ ಜೋಡಿಸಿ ನಕ್ಷೆ ಪೂರ್ತಿ ಮಾಡಲು ಹೊರಟವರೂ ಇದ್ದಾರೆ!

ಇನ್ನು ನೀವು ನೋಡಿದ ಕಾರ್ಡು. ಇದರಲ್ಲಿ ಮೋಸ ಜಾಸ್ತಿ. ಹಳೇ ಖಾಲಿ ಕಾರ್ಡು ಈಗಲೂ ಅಗ್ಗಕ್ಕೆ ಸಿಗುತ್ತದೆ, ಮಸಿಯೂ ಸಿಗುತ್ತದೆ. ಹಾಗಾಗಿ ಯಾರೂ ಬಳಸದ, ಮಸಿ ಬಳಿದ ಕಾರ್ಡನ್ನು ನಾನು ಮುಟ್ಟುವುದೇ ಇಲ್ಲ. ಅದೇ ಕಾಲದಲ್ಲಿ ಸಂಗ್ರಾಹಕರಿಗೆಂದೇ ಮಾಡಿಸಿದ ಚೆಂದದ ಕವರುಗಳೂ ಇವೆ. ಅವು ಅಸಲಿಯೇ, ಆದರೆ ನನಗೆ ರುಚಿಸುವುದಿಲ್ಲ. ಕಷ್ಟಕ್ಕೆ ಬರೆದ ಪತ್ರ ಬೇಕು, ಆಲ್ಬಮ್ಮಿಗೆ ಬರೆದದ್ದಲ್ಲ.

ತಾರೀಕು ಮತ್ತು ದರ ತಾಳೆ ನೋಡಿ. 1946ರ ಮಾರ್ಚ್ 1ರಿಂದ ಅಂಚೆ ದರ ದುಪ್ಪಟ್ಟಾಯಿತು, ಊರಾಚೆ ಹೋಗುವ ಕಾರ್ಡಿಗೆ 6 ಇದ್ದದ್ದು 12 ಫೆನಿಗ್. ಅದರ ನಂತರದ ತಾರೀಕಿದ್ದು 6 ಮಾತ್ರ ಕಟ್ಟಿದ್ದರೆ ಅನುಮಾನ ಪಡಿ. ಬೆಲೆ ಜಾಸ್ತಿ ಹೇಳಿದರೆ ಸ್ಟಾಂಪು ಅಸಲಿಯೋ ನಕಲಿಯೋ ಎಂದು ನೋಡುವ ಜರ್ಮನಿಯ ಪರೀಕ್ಷಕರ ಸಂಘ ಬಿಪಿಪಿಯ ಪ್ರಮಾಣಪತ್ರ ಕೇಳಿ. ಎಲ್ಲಕ್ಕಿಂತ ಮೊದಲು ಮಾರುವವರಿಂದ ಕಾರ್ಡಿನ ಇನ್ನೊಂದು ಬದಿಯ ಫೋಟೋ ತರಿಸಿಕೊಳ್ಳಿ. ಅಲ್ಲಿ ಏನೂ ಬರೆದಿಲ್ಲವಾದರೆ ಬಿಟ್ಟುಬಿಡಿ.